ಸಪತ್ನೀಕ ಸೈಕಲಾರೋಹಣ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು. ಈ ಪ್ರಬಂಧದ ವಿಷಯ, ಗಂಡಹೆಂಡತಿ ಜೋಡಿಯಾಗಿ ಸೈಕಲ್ ತುಳಿದು ಬೆಟ್ಟಘಟ್ಟ ದಾಟುವ ದೂರಪ್ರಯಾಣ. ಇದಕ್ಕೆ ಆರಿಸಿಕೊಂಡ ಕ್ಷೇತ್ರ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಮೂರೂ ಊರು ಹುಬ್ಬಳ್ಳಿ–ಹರಿಹರ ರೈಲುದಾರಿಯ ಮೇಲೆ ಒಂದರ ಹಿಂದೊಂದು ಮಟ್ಟಸ ನೆಲದಲ್ಲಿ ಕೂತಿವೆ, ಇಲ್ಲಿ ಪರ್ವತವೆಲ್ಲಿ ಎಂದು ಯಾರಾದರೂ ಕೇಳಬಹುದು. ಕ್ಷೀರಸಾಗರ ನೋಡದವರೇ ಸಮುದ್ರಮಥನದ ಮೇಲೆ ತಿಂಗಳುಗಟ್ಟಲೆ ಪ್ರವಚನ ನಡೆಸಿರುವ ನಾಡಿನಲ್ಲಿ ಈ ಆಕ್ಷೇಪ ನಿಲ್ಲುವುದಿಲ್ಲ.

ಪ್ರಯೋಜನ: ಏನೂ ಇಲ್ಲ.

ಸಂಬಂಧ: ವಿವಾಹ. ಸಪ್ತಪದಿಯಲ್ಲಿ ಏಳು ಹೆಜ್ಜೆಗಳ ಲೆಕ್ಕ ಮಾತ್ರ ಇದೆ, ಪೆಡಲಿನ ಪ್ರಸ್ತಾಪವಿಲ್ಲ. ಧರ್ಮಶಾಸ್ತ್ರದ ಈ ಮೌನದಿಂದಾಗಿಯೇ ಪಂಪನ್ನು ಯಾರು ಹೊರಬೇಕು ಎಂಬ ವ್ಯಾಜ್ಯ ಇವತ್ತಿಗೂ ಇತ್ಯರ್ಥವಾಗಿಲ್ಲ.

ತೊಡಕಿರುವುದು ನಾಲ್ಕನೆಯದರಲ್ಲಿ. ಯಾರು ಅಧಿಕಾರಿ, ಅಂದರೆ ಅರ್ಹ? ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ನೇತುಹಾಕಿ ದಿನಾ ಬೆಳಿಗ್ಗೆ ಪೇಟೆಗೆ ಬರುವವನು ವರ್ಷದ ಕೊನೆಗೆ ಕಾಶ್ಮೀರ ಮುಟ್ಟಿ ಬರುವಷ್ಟು ದೂರ ತುಳಿದಿರುತ್ತಾನೆ, ಆದರೆ ಅವನು ಅಧಿಕಾರಿಯಲ್ಲ. ಹಿಂದೆ ಹೆಂಡತಿ, ಮುಂದಿನ ದಂಡಿಗೆಯ ಮೇಲೆ ಮಗು, ಹ್ಯಾಂಡಲ್ಲಿಗೆ ಬುತ್ತಿಗಂಟು ಸಿಕ್ಕಿಸಿ, ಡಬಲ್ ರೈಡಿಗೆ ಪೊಲೀಸರು ದಂಡ ಹಾಕುತ್ತಿದ್ದ ಕಾಲದಲ್ಲೂ ದೇವರಗುಡ್ಡದ ಜಾತ್ರೆಗೆ ಹೋಗಿಬಂದ ಮನುಷ್ಯನೂ ಅಲ್ಲ. ಇವರಿಗೆಲ್ಲ ಹೋಗುವ ಕಾರಣವಿತ್ತು. ಅದೇ ದೋಷ. ಕೆಲಸವಿದ್ದು ತುಳಿದರೆ ಬಡತನ, ಕೆಲಸವಿಲ್ಲದೆ ತುಳಿದರೆ ಪ್ರವಾಸ ಎಂಬ ಲಕ್ಷಣವನ್ನು ಈ ಪ್ರಬಂಧ ಅಂಗೀಕರಿಸುತ್ತದೆ.

ಲಕ್ಷಣ ಬಿಗಿಯಾದಷ್ಟೂ ದೊಡ್ಡವರು ಹೊರಗುಳಿಯುತ್ತಾರೆ. ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ದೂರ ಸಾಕಷ್ಟಿದೆ, ಭಾರವೂ ಇದೆ. ಆದರೆ ಪುಸ್ತಕ ಮಾರುವ ಉದ್ದೇಶವಿದ್ದುದರಿಂದ ಅನರ್ಹ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯ ಹಿಂದೆ ಸಾಬರಮತಿಯಿಂದ ದಂಡಿಯವರೆಗೆ ನಡೆದರು. ಪತ್ನಿ ಸಿದ್ದಮ್ಮನವರೂ ಚಳವಳಿಗೆ ಇಳಿದವರು, ಹಾಗಾಗಿ ದಂಪತಿ ಎಂಬ ಷರತ್ತೂ ಪೂರೈಸುತ್ತದೆ. ಆದರೇನು, ಉಪ್ಪಿನ ಕೆಲಸವಿತ್ತು!

ಪೂರ್ವಾಚಾರ್ಯರು

ಈ ಶಾಸ್ತ್ರದ ಮೂಲಪುರುಷ ಪುರುಷನಲ್ಲ. ಅಮೆರಿಕದ ಮ್ಯಾಸಚುಸೆಟ್ಸಿನ ಗವರ್ನರರೊಬ್ಬರ ಮಗಳು ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಗಿಂತ ಹನ್ನೆರಡು ವರ್ಷ ಹಿರಿಯನಾದ ಗಂಡ, ವೈದ್ಯವೃತ್ತಿ ಬಿಟ್ಟ ವಿಲಿಯಂ ಹಂಟರ್ ವರ್ಕ್‌ಮನ್, ಅಲ್ಜೀರಿಯ ಮತ್ತು ಸ್ಪೇನ್ ತುಳಿದು ಮುಗಿಸಿ 1897ರ ಹೊತ್ತಿಗೆ ಈ ಕಡೆ ಬಂದರು. ಬರುವ ಮೊದಲು ರಾಮಾಯಣ, ಮಹಾಭಾರತ, ಜಾತಕ ಕಥೆಗಳನ್ನು ಓದಿಕೊಂಡಿದ್ದರು. ಆಮೇಲೆ ದಕ್ಷಿಣದ ತುದಿಯಿಂದ ಹಿಮಾಲಯದ ಕಡೆಗೆ ತುಳಿದರು. 1904ರಲ್ಲಿ ಅವರು ಹೊರತಂದ ಪುಸ್ತಕದ ಹೆಸರಿನಲ್ಲೇ ದೂರ ಅಚ್ಚಾಗಿದೆ: 14,000 ಮೈಲಿ, ಅಂದರೆ ಸುಮಾರು 22,500 ಕಿಲೋಮೀಟರ್.

ದಿನಕ್ಕೆ ನಲವತ್ತರವರೆಗೂ ಪಂಕ್ಚರ್ ಆಗುತ್ತಿತ್ತು. ಜಾಲಿಮುಳ್ಳಿನ ಸೀಮೆಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಪಂಕ್ಚರಿಗೆ ಹತ್ತು ನಿಮಿಷದಂತೆ ಹಿಡಿದರೂ ನಲವತ್ತಕ್ಕೆ ಆರು ಗಂಟೆ ನಲವತ್ತು ನಿಮಿಷ. ಇಷ್ಟು ಹೊತ್ತು ಪ್ರತಿದಿನ ಒಂದೇ ಚಕ್ರದ ಎರಡು ಬದಿಗೆ ಕೂತೂ ಸಂಸಾರ ಮುರಿದುಕೊಳ್ಳದವರು ಆಚಾರ್ಯಪದವಿಗೆ ಅರ್ಹರೇ ಸರಿ. ಊಟ, ಸಾಮಾನು ಸಿಗಲೆಂದು ಆದಷ್ಟೂ ರೈಲುದಾರಿಯ ಪಕ್ಕದಲ್ಲೇ ಸಾಗುತ್ತಿದ್ದರು ಎಂಬುದನ್ನೂ ಮರೆಯಬಾರದು.

ಶಾಸ್ತ್ರಕ್ಕೆ ಒಂದು ಇಕ್ಕಟ್ಟು ಇಲ್ಲಿಯೇ ಎದುರಾಗುತ್ತದೆ. 1898ರ ಬೇಸಿಗೆಯ ಧಗೆ ತಾಳಲಾರದೆ ಇಬ್ಬರೂ ಹಿಮಾಲಯ ಹತ್ತಿದರು, ಹತ್ತಿದವರಿಗೆ ಪರ್ವತದ ಹುಚ್ಚು ಹಿಡಿಯಿತು. ಆಮೇಲೆ ಕಾರಕೋರಂ ಕಡೆಗೆ ದಂಡಯಾತ್ರೆಯ ಮೇಲೆ ದಂಡಯಾತ್ರೆ. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಸುಮಾರು 21,000 ಅಡಿ ಎತ್ತರದಲ್ಲಿ ಫ್ಯಾನಿ ಮಹಿಳೆಯರ ಮತದಾನದ ಹಕ್ಕಿನ ಪತ್ರಿಕೆಯನ್ನು ಬಿಡಿಸಿ ಹಿಡಿದು ಫೋಟೊ ತೆಗೆಸಿಕೊಂಡಳು. ಫೋಟೊದಲ್ಲಿ ಸೈಕಲ್ ಇಲ್ಲ. ಬೆಟ್ಟ ಸಿಕ್ಕಿತು, ಸೈಕಲ್ ಹೋಯಿತು. ಹಾಗಾದರೆ ಬೆಟ್ಟವಿಲ್ಲದ ಹಾವೇರಿಯೇ ಸೈಕಲ್ಲಿಗೆ ಯೋಗ್ಯ ಕ್ಷೇತ್ರವೆಂದು ಯಾರಾದರೂ ವಾದಿಸಿದರೆ ಪ್ರಬಂಧಕಾರರು ಆಕ್ಷೇಪಿಸುವುದಿಲ್ಲ.

ವರ್ಕ್‌ಮನ್ ದಂಪತಿಯ ದೊಡ್ಡ ಕೊಡುಗೆ ಒಂದು ಸೂತ್ರ. ಪರ್ವತಯಾತ್ರೆಗಳಲ್ಲಿ ಒಂದು ಸಲ ಹೆಂಡತಿ ವ್ಯವಸ್ಥೆಯ ಹೊಣೆ ಹೊತ್ತರೆ ಗಂಡನಿಗೆ ಅಳತೆ, ದಾಖಲೆಯ ಕೆಲಸ. ಮುಂದಿನ ಸಲ ಅದಲು ಬದಲು. ಹಾವೇರಿ ಜಿಲ್ಲೆಯ ಅವಿಭಕ್ತ ಕುಟುಂಬಗಳಲ್ಲಿ ಈ ಸೂತ್ರದ ಮೊದಲ ಭಾಗ ಮಾತ್ರ ಪಾಲನೆಯಲ್ಲಿದೆ.

ಮಾನಾಧ್ಯಾಯ

ಎತ್ತರವನ್ನು ಮೀಟರಿನಲ್ಲಿ ಹೇಳುವುದು ಅಳೆಯುವವನಿಗೆ ಸರಿ, ತುಳಿಯುವವನಿಗೆ ಅಲ್ಲ. ಆದ್ದರಿಂದ ಈ ಪ್ರಬಂಧ ರೊಟ್ಟಿಮಾನವನ್ನು ಪ್ರತಿಪಾದಿಸುತ್ತದೆ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು 100 ಮೀಟರ್ ಮೇಲೆತ್ತಲು ಸುಮಾರು 88 ಕಿಲೋಜೂಲ್ ಬೇಕು, ಅಂದರೆ 21 ಕಿಲೋಕ್ಯಾಲರಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗವನ್ನಷ್ಟೇ ದುಡಿಮೆಗೆ ಹಾಕಿ ಉಳಿದದ್ದನ್ನು ಬೆವರಿಗೆ ಬಿಡುವುದರಿಂದ ಬೇಕಾಗುವುದು ಹತ್ತಿರ ಹತ್ತಿರ 85. ರಸ್ತೆಯ ತಿಕ್ಕಾಟ ಸೇರಿಸಿದರೆ ನೂರು. ಮೂವತ್ತು ಗ್ರಾಂ ಹಿಟ್ಟಿನಲ್ಲಿ ತಟ್ಟಿದ ತೆಳ್ಳನೆಯ ಜೋಳದ ರೊಟ್ಟಿಯಲ್ಲಿ ಇರುವುದೂ ನೂರೇ. ಸೂತ್ರ ಸಿದ್ಧವಾಯಿತು: ಒಂದು ರೊಟ್ಟಿ, ನೂರು ಮೀಟರ್. ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ ಇದರಲ್ಲಿ ಸೇರಿಲ್ಲ, ಅವು ಬೋನಸ್.

ಲೇಹ್ ಪಟ್ಟಣದಿಂದ ಖಾರ್ದೂಂಗ್ ಲಾ ಕಣಿವೆಗೆ ಸುಮಾರು 1,850 ಮೀಟರ್ ಏರು, ಅಂದರೆ ತಲೆಗೆ ಹದಿನೆಂಟೂವರೆ ರೊಟ್ಟಿ. ವರ್ಷಗಟ್ಟಲೆ ಅಲ್ಲಿ ನಿಂತಿದ್ದ ಫಲಕ ತನ್ನ ಎತ್ತರವನ್ನು 18,380 ಅಡಿ ಎಂದು, ಅಂದರೆ 5,602 ಮೀಟರ್ ಎಂದು ಸಾರುತ್ತಿತ್ತು. ಅಳೆದು ನೋಡಿದವರಿಗೆ ಸಿಕ್ಕದ್ದು 5,359. ಬೆಟ್ಟಕ್ಕಿಂತ ಬೋರ್ಡು 243 ಮೀಟರ್ ಎತ್ತರ! ಫಲಕವನ್ನು ನಂಬಿ ಬುತ್ತಿ ಕಟ್ಟಿದ ದಂಪತಿ ಇಬ್ಬರಿಗೆ ಸೇರಿ ಐದು ರೊಟ್ಟಿ ವ್ಯರ್ಥ ಹೊತ್ತಿರುತ್ತಾರೆ. ಕಟಕ ರೊಟ್ಟಿಯಾದರೆ ಕೆಡುವುದಿಲ್ಲ ಎಂಬುದೊಂದೇ ಸಮಾಧಾನ.

ತರಬೇತಿ ಪ್ರಕರಣ

ಖಾರ್ದೂಂಗ್ ಲಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಉಸಿರು ಸಿಗದ ಸ್ಥಿತಿಗೆ ದಂಪತಿ ಮೊದಲೇ ಹೊಂದಿಕೊಳ್ಳಬೇಕು. ಇದಕ್ಕೆ ಬ್ಯಾಡಗಿಯೇ ಪ್ರಶಸ್ತ. ಸುಗ್ಗಿಯ ಸೋಮವಾರ, ಗುರುವಾರ ಲಕ್ಷಗಟ್ಟಲೆ ಚೀಲ ಮೆಣಸಿನಕಾಯಿ ಬಂದು ಬೀಳುವ ಮಾರುಕಟ್ಟೆಯ ಪಕ್ಕದಲ್ಲಿ ಸೈಕಲ್ ತುಳಿದವರಿಗೆ ಲಡಾಖಿನಲ್ಲಿ ಹೊಸದಾಗಿ ಕಲಿಯುವಂಥದ್ದೇನೂ ಉಳಿಯುವುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಗುಣ ಖಾರ ಕಡಿಮೆ, ಬಣ್ಣ ಜಾಸ್ತಿ. ಹೊಸ ಹೆಲ್ಮೆಟ್ಟು, ಹೊಳೆಯುವ ಜೆರ್ಸಿ ತೊಟ್ಟು ಹೊರಟ ಮೊದಲ ವಾರದ ಸವಾರರನ್ನು ಕಂಡು ಊರವರು ಇದೇ ಮಾತನ್ನು ಬೇರೆ ಅರ್ಥದಲ್ಲಿ ಆಡುವುದುಂಟು.

ವೇಗದ ತರಬೇತಿಗೆ ರಾಣೆಬೆನ್ನೂರು. ಇಲ್ಲಿ 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಗಂಟೆಗೆ 80 ಕಿಲೋಮೀಟರ್ ಓಡಬಲ್ಲ ಪ್ರಾಣಿಯೆದುರು ದಂಪತಿಯ ಹದಿನೈದು ಕಿಲೋಮೀಟರ್ ವೇಗ ವಿನಯ ಕಲಿಸುತ್ತದೆ. ಏರಿನ ಅಭ್ಯಾಸಕ್ಕೆ ಪಕ್ಕದ ದೇವರಗುಡ್ಡ. ದಸರೆಯ ಹೊತ್ತಿಗೆ ಅಲ್ಲಿ ಗೊರವಪ್ಪ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಒಂದೇ, ಮಳೆಬೆಳೆಯಿಂದ ಸರ್ಕಾರ ಬೀಳುವವರೆಗೆ ಅರ್ಥ ನೂರು. ಪ್ರವಾಸದ ಮೊದಲ ದಿನ ಹೆಂಡತಿ “ಹೂಂ, ನಡೀರಿ” ಎಂದಾಗ ಗಂಡನಿಗೆ ಎದುರಾಗುವ ವ್ಯಾಖ್ಯಾನದ ಸಮಸ್ಯೆಯೂ ಇದೇ ಜಾತಿಯದು.

ವಾಯುವಿಚಾರ

ಮಟ್ಟಸ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಸವಾರನ ಶ್ರಮದಲ್ಲಿ ಬಹುಪಾಲು ತಿನ್ನುವುದು ಗಾಳಿ. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಹಿಂದಿನವರಿಗೆ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ದುಡಿಮೆ ಉಳಿಯುತ್ತದೆ. ಗಂಡನ ಹಿಂದೆ ಹೆಂಡತಿ ನಡೆಯಬೇಕೆಂಬ ಪದ್ಧತಿಯನ್ನು ಮಾಡಿದ ಹಿರಿಯರು ಇದನ್ನು ಮೊದಲೇ ಅರಿತಿದ್ದರೆಂದು ಒಂದು ಪಂಥ ಹೇಳುತ್ತದೆ. ಹಾಗಾದರೆ ಮುಂಗಾರಿನ ಪಶ್ಚಿಮದ ಗಾಳಿ ಬೆನ್ನಿಗೆ ಬಿದ್ದಾಗ ಏಕೆ ಸ್ಥಾನ ಬದಲಿಸಲಿಲ್ಲ ಎಂಬ ಪ್ರಶ್ನೆಗೆ ಆ ಪಂಥ ಉತ್ತರಿಸಿಲ್ಲ. ಘಟ್ಟದ ಏರಿನಲ್ಲಂತೂ ವೇಗ ಏಳೆಂಟು ಕಿಲೋಮೀಟರಿಗೆ ಇಳಿದು ಗಾಳಿಯ ತಡೆ ಲೆಕ್ಕಕ್ಕೇ ಸಿಗುವುದಿಲ್ಲ. ಅಲ್ಲಿ ಯಾರ ಮರೆಯೂ ಯಾರಿಗೂ ಇಲ್ಲ, ಅವರವರ ರೊಟ್ಟಿ ಅವರವರಿಗೆ.

ಪೂರ್ವಪಕ್ಷ

ಇಷ್ಟೆಲ್ಲ ಸಿದ್ಧತೆಯೊಂದಿಗೆ ದಂಪತಿ ಹೊರಟರೆಂದುಕೊಳ್ಳೋಣ. ಹೆದ್ದಾರಿಯ ಮೋಟೆಬೆನ್ನೂರು ಕ್ರಾಸಿನ ಚಹಾದಂಗಡಿಯಲ್ಲೇ ಶಾಸ್ತ್ರಕ್ಕೆ ಮೊದಲ ಸವಾಲು.

“ಗಾಡಿ ಎಲ್ಲಿ ಕೆಟ್ಟು ನಿಂತೈತ್ರಿ ಸರ?”

“ಗಾಡಿ ಕೆಟ್ಟಿಲ್ರಿ. ಹಿಂಗ ಸುಮ್ನ ಹೊಂಟೀವಿ.”

“ಸುಮ್ನ ಅಂದ್ರ?”

ಈ ಎರಡು ಶಬ್ದದ ಪ್ರಶ್ನೆಯ ಮುಂದೆ ಇಪ್ಪತ್ತು ಗೇರಿನ ಸೈಕಲ್ಲೂ ನಿಂತುಬಿಡುತ್ತದೆ. ಕೇಳುವವನು ಗೇರಿಲ್ಲದ ಇಪ್ಪತ್ತು ಕಿಲೋ ತೂಕದ ಕರೀ ಸೈಕಲ್ಲಿನಲ್ಲಿ ಮೇವು, ಸೀಮೆಎಣ್ಣೆ, ಬಾಣಂತಿ ಎಲ್ಲವನ್ನೂ ಸಾಗಿಸಿ, ಮೈಮುರಿದು ದುಡಿದು, ಕೊನೆಗೆ ಮಗನಿಗೊಂದು ಬೈಕು ಕೊಡಿಸಿ ಸೈಕಲ್ಲಿನಿಂದ ಪಾರಾದವನು. ತಾನು ಇಳಿದು ಬಂದ ಸೀಟನ್ನು ಪೇಟೆಯ ಡಾಕ್ಟರು, ಇಂಜಿನಿಯರು ದುಡ್ಡು ಕೊಟ್ಟು ಏರುತ್ತಿರುವುದು ಅವನಿಗೆ ಅನುಮಾನದ ಸಂಗತಿ. ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ರಾಜ್ಯ ಸೈಕಲ್ ಹಂಚತೊಡಗಿದ್ದು 2006–07ರಲ್ಲಿ. ಅದೂ ಶಾಲೆ ಮುಟ್ಟಲಿ ಎಂದೇ ಹೊರತು ಸುಮ್ಮನೆ ಸುತ್ತಲಿ ಎಂದಲ್ಲ.

ಎರಡನೆಯ ಪ್ರಶ್ನೆ ಹೆಂಡತಿಗೆ. “ಅಕ್ಕಾರ, ನಿಮಗ ಬಸ್ಸು ಫ್ರೀ ಐತಲ್ರೀ!” 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ನಂತರ ಈ ಪ್ರಶ್ನೆಯನ್ನು ಖಂಡಿಸಲು ಬೇಕಾದ ತರ್ಕ ಯಾವ ಶಾಸ್ತ್ರದಲ್ಲೂ ಸಿಗುವುದಿಲ್ಲ.

ಸಿದ್ಧಾಂತ

ಭೂಗೋಳವೇ ಇಲ್ಲಿ ಕೈಹಿಡಿಯುತ್ತದೆ. ಹಾವೇರಿ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಹಾನಗಲ್ ದಾಟಿ ಎಪ್ಪತ್ತೈದು ಕಿಲೋಮೀಟರ್ ತುಳಿದು ಶಿರಸಿ ಮುಟ್ಟಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿಂದ ದೇವಿಮನೆ ಘಟ್ಟದಲ್ಲಿ ಜಾರಿದರೆ ಕುಮಟಾ, ಸಮುದ್ರ. ಅಂದರೆ ಹಾವೇರಿಯವರು ಹುಟ್ಟುವಾಗಲೇ ಸಹ್ಯಾದ್ರಿಯ ಮೇಲೆ ಹುಟ್ಟಿರುತ್ತಾರೆ, ಅವರ ಪಾಲಿಗೆ ಘಟ್ಟವೆಂದರೆ ಇಳಿಯುವ ಜಾಗ. ಏರಿರುವುದು ಮನೆಗೆ ಮರಳುವಾಗ, ಕೆಲಸಕ್ಕೆ ಹಾಜರಾಗುವ ಕಾರಣವಿರುವಾಗ. ಕಾರಣವಿರುವುದರಿಂದ ಅದು ನಮ್ಮ ಲಕ್ಷಣದ ಪ್ರಕಾರ ಪ್ರವಾಸವೇ ಅಲ್ಲ, ತುಳಿಯಬೇಕಾದ್ದೂ ಇಲ್ಲ.

ಹೀಗಾಗಿ ಕುಮಟಾದಿಂದ ಮರಳುವುದು ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಎಂದು ಸಿದ್ಧಾಂತವಾಯಿತು. ಗಂಡನಿಗೆ ಪೂರಾ ಟಿಕೆಟ್, ಎರಡು ಸೈಕಲ್ಲಿಗೆ ಲಗೇಜು, ಹೆಂಡತಿಗೆ ಸೊನ್ನೆ ರೂಪಾಯಿಯ ಚೀಟಿ. ಏರು ತಪ್ಪಿದ್ದರಿಂದ ತಲೆಗೆ ಆರರಂತೆ ಹನ್ನೆರಡು ರೊಟ್ಟಿ ಉಳಿತಾಯ. ಆ ಹನ್ನೆರಡನ್ನು ಲಗೇಜಿನಲ್ಲಿ ತೂಗಬೇಕೇ, ಹೆಂಡತಿಯ ಕೈಚೀಲದಲ್ಲಿದ್ದರೆ ಅವಕ್ಕೂ ಶಕ್ತಿ ಯೋಜನೆ ಅನ್ವಯಿಸುತ್ತದೆಯೇ ಎಂಬ ವಿಷಯದಲ್ಲಿ ಕಂಡಕ್ಟರರ ತೀರ್ಮಾನವೇ ಅಂತಿಮ.