ಹುಲ್ಲು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ

ಭೂಮಿಯನ್ನು ಉಳಿಸಲು ಹೊರಟವರಿಗೆ ನೀಲಗಿರಿ ಬೆಟ್ಟದ ಕೀಳ್ ಕೋತಗಿರಿಯಲ್ಲಿ ಎದುರಾಗುವ ಮೊದಲ ತೊಂದರೆ ಜಾಗದ್ದು. ವಿಶ್ವ ಪರಿಸರ ದಿನವಾದ ಜೂನ್ 5 ಬಂತು, ಬಸ್ಸು ಬಂತು, ಬ್ಯಾನರ್ ಬಂತು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಉತ್ಸಾಹಿಗಳೂ ಬಂದರು. ಸಸಿ ನೆಡಲು ಮಾತ್ರ ಗೇಣು ನೆಲವಿಲ್ಲ. ಎಲ್ಲಿ ನೋಡಿದರೂ ಟೀ ಗಿಡ, ಅದರ ನಡುವೆ ಆಸ್ಟ್ರೇಲಿಯಾದಿಂದ ಬಂದು ನೆಲೆಸಿದ ಸಿಲ್ವರ್ ಓಕ್. ಮಿಕ್ಕಿದ್ದೆಂದರೆ ಬಡಗರ ಹಟ್ಟಿಗಳು ಮತ್ತು ಸರಿಯಾದ ಬೆಲೆ ಕಾಣದ ಹಸಿ ಎಲೆಯ ಮೂಟೆಗಳು. ಆ ಮೂಟೆಯ ಮಾತು ಎತ್ತಿದರೆ ಭೂಮಿ ಉಳಿಸುವವರು ಗಡಿಯಾರ ನೋಡಿಕೊಳ್ಳುತ್ತಾರೆ. ಅದು ಅವರ ಖಾತೆಯಲ್ಲ. ಹಾಗಾಗಿ ಬಸ್ಸು ಹೊಗೆ ಬಿಡುತ್ತಾ ಮೇಲಕ್ಕೆ, ಊಟಿಯ ಆಚೆಗಿನ ಎತ್ತರಕ್ಕೆ ಹೊರಡುತ್ತದೆ. ಅಲ್ಲಿ ಗುಡ್ಡಗುಡ್ಡವೇ ಖಾಲಿ ಬಿದ್ದಿದೆಯಂತೆ. ಬರೀ ಹುಲ್ಲಂತೆ. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಎಲ್ಲರಿಗೂ ಮರುಕ.

ಹೊಳೆದಿತ್ತು ಸ್ವಾಮಿ, ನಿಮಗಿಂತ ಮೊದಲೇ ಹೊಳೆದಿತ್ತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿ ಬಂದು ಮೊದಲು ಠಿಕಾಣಿ ಹೂಡಿದ್ದು ಇದೇ ಕೋತಗಿರಿಯ ಮಗ್ಗುಲಲ್ಲಿ. ಅವನ ಹಿಂದೆ ಬಂದ ದೊರೆಗಳು ಮೇಲಿನ ಹುಲ್ಲುಗುಡ್ಡಗಳನ್ನು ನೋಡಿದರು, ಇಲ್ಲಿ ಮರ ಇರಬೇಕಿತ್ತು ಎಂದು ತೀರ್ಮಾನಿಸಿದರು. ಮರ ಇಲ್ಲದಿದ್ದರೆ ಯಾರಾದರೂ ಕಡಿದಿರಬೇಕು, ಸುಟ್ಟಿರಬೇಕು. ಯಾರು? ಎದುರಿಗೆ ಎಮ್ಮೆ ಮೇಯಿಸುತ್ತಿದ್ದ ತೋಡರಿದ್ದರು, ಉಳುತ್ತಿದ್ದ ಬಡಗರಿದ್ದರು. ಆರೋಪಿಗಳು ಸ್ಥಳದಲ್ಲೇ ಸಿಕ್ಕಿದ ಮೇಲೆ ವಿಚಾರಣೆ ಯಾಕೆ? ವಾಟಲ್ ಎಂಬ ಹೊರಗಿನ ಮರ ಬಂತು, ನೀಲಗಿರಿ ಮರ ಬಂತು. ದೊರೆ ಹೋದ, ಸಸಿ ಉಳಿಯಿತು. 1950ರಲ್ಲಿ ಕೇಂದ್ರ ಕೃಷಿ ಮಂತ್ರಿ ಕೆ.ಎಂ. ಮುನ್ಶಿ ದೇಶಕ್ಕೆ ವನಮಹೋತ್ಸವ ಕೊಟ್ಟರು. ಈ ಬೆಟ್ಟದ ಮರ ಇಳಿದು ಹೋಗಿ ಸಿರುಮುಗೈಯ ಕಾರ್ಖಾನೆಯಲ್ಲಿ ರೇಯಾನ್ ಆಯಿತು. ಕೊನೆಗೆ ಆ ಕಾರ್ಖಾನೆಯೂ ಬಾಗಿಲು ಹಾಕಿತು. ವಾಟಲ್ ಮಾತ್ರ ಯಾರ ಅಪ್ಪಣೆಗೂ ಕಾಯದೆ ಇಂದಿಗೂ ಹಬ್ಬುತ್ತಲೇ ಇದೆ.

ಇಷ್ಟೆಲ್ಲ ಆದ ಮೇಲೆ ಒಬ್ಬರಿಗೆ ನೆಲವನ್ನೇ ಕೇಳಿ ನೋಡೋಣ ಅನ್ನಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ನಮ್ಮ ಓದುಗರಿಗೆ ಆನೆಗಳ ವಿಜ್ಞಾನಿಯೆಂದೇ ಪರಿಚಿತರು. ಆನೆ ಬಿಟ್ಟು ಕೆಸರಿಗೆ ಕೈಹಾಕಿದ ಅವರ ಕೆಲಸದ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನೀಲಗಿರಿಯ ಮೇಲ್ಭಾಗದ ಕಣಿವೆಗಳಲ್ಲಿ ಗಿಡಗಂಟಿ ಪೂರ್ತಿ ಕೊಳೆಯದೆ, ಪದರದ ಮೇಲೆ ಪದರವಾಗಿ ಕೂತ ಪೀಟ್ ಎಂಬ ಕಪ್ಪು ಕೆಸರಿದೆ. ಮರ ಮತ್ತು ಪೊದೆಗಳು ಗಾಳಿಯಿಂದ ಆಹಾರ ತಯಾರಿಸಿಕೊಳ್ಳುವಾಗ ಇಂಗಾಲದ ಭಾರದ ರೂಪವನ್ನು, ಅಂದರೆ ಇಂಗಾಲ-13ನ್ನು, ಆದಷ್ಟು ದೂರವಿಡುತ್ತವೆ. ಒಣ ಹವೆಗೆ ಒಗ್ಗಿದ ಹುಲ್ಲುಗಳಿಗೆ ಅಷ್ಟು ಮಡಿಯಿಲ್ಲ. ಕೆಸರಿನ ಯಾವ ಪದರದಲ್ಲಿ ಇಂಗಾಲ-13 ಎಷ್ಟಿದೆ ಎಂದು ಅಳೆದರೆ, ಆ ಕಾಲದಲ್ಲಿ ಅಲ್ಲಿ ಯಾರು ಬೆಳೆದಿದ್ದರು ಎಂಬುದು ಗೊತ್ತಾಗುತ್ತದೆ. ಸುಕುಮಾರ್ ಮತ್ತು ಸಂಗಡಿಗರು ಅಳೆದರು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸುಮಾರು 20 ಸಾವಿರದಿಂದ 16 ಸಾವಿರ ವರ್ಷಗಳ ಹಿಂದೆ ಬೆಟ್ಟ ಒಣಗಿತ್ತು, ಹುಲ್ಲಿನದೇ ರಾಜ್ಯಭಾರ. ಆಮೇಲೆ ಮುಂಗಾರು ಬಲವಾಯಿತು, ಮರ-ಪೊದೆಗಳ ಪಾಲು ಏರಿತು. ಸುಮಾರು 5 ಸಾವಿರದಿಂದ 2 ಸಾವಿರ ವರ್ಷಗಳ ಹಿಂದೆ ಮತ್ತೆ ಒಣ ಕಾಲ, ಮತ್ತೆ ಹುಲ್ಲು. ಹೀಗೆ ಹುಲ್ಲು ಇಲ್ಲಿನ ಹಳೆಯ ಖಾತೆದಾರ. ಅದು ಪಟ್ಟಕ್ಕೆ ಬಂದಾಗ ತೋಡರ ಎಮ್ಮೆಯೂ ಇರಲಿಲ್ಲ, ಬಡಗರ ನೇಗಿಲೂ ಇರಲಿಲ್ಲ.

ಬೆಟ್ಟದ ಕೆಸರಿನ ಮಾತು ನಂಬದವರು ದಕ್ಷಿಣ ಧ್ರುವದವರೆಗೂ ಹೋಗಬಹುದು. 1965ರಲ್ಲಿ ಅಂಟಾರ್ಕ್ಟಿಕಾದಲ್ಲಿ ಫ್ರೆಂಚ್ ವಿಜ್ಞಾನಿ ಕ್ಲೋಡ್ ಲೋರಿಯಸ್ ಆಳದಿಂದ ತೆಗೆದ ಹಿಮಗಡ್ಡೆಯ ಚೂರೊಂದನ್ನು ತನ್ನ ವಿಸ್ಕಿಗೆ ಹಾಕಿಕೊಂಡ. ಗಡ್ಡೆ ಕರಗುತ್ತಾ ಗುಳ್ಳೆಗಳು ಚಿಟಚಿಟ ಸಿಡಿದವು. ಹಿಮ ಬಿದ್ದಾಗ ಸಿಕ್ಕಿಕೊಂಡ ಹಳೆಯ ಕಾಲದ ಗಾಳಿಯಲ್ಲವೇ ಇದು ಎಂದು ಅವನಿಗೆ ಹೊಳೆಯಿತು. ತಮಿಳುನಾಡಿನ ಟಾಸ್ಮಾಕ್ ಮದ್ಯದಂಗಡಿಗಳ ಮುಂದೆ ದಿನಾ ಕರಗುವ ಐಸಿನ ಪ್ರಮಾಣ ನೋಡಿದರೆ ನಮಗೆ ಇಷ್ಟರಲ್ಲಿ ಒಂದು ಡಜನ್ ನೊಬೆಲ್ ಬರಬೇಕಿತ್ತು. ಇರಲಿ. ಮುಂದೆ ಅಲ್ಲಿನ ವೋಸ್ಟೋಕ್ ಕೇಂದ್ರದಲ್ಲಿ 3,600 ಮೀಟರಿಗೂ ಆಳಕ್ಕೆ ಕೊರೆದು 4 ಲಕ್ಷ ವರ್ಷಗಳ ಗಾಳಿ ತೆಗೆದರು. ಯುರೋಪಿನವರ ಎಪಿಕಾ ಯೋಜನೆ 8 ಲಕ್ಷ ವರ್ಷದವರೆಗೆ ಹೋಯಿತು. ಅಷ್ಟೂ ಕಾಲ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಹಿಮಯುಗದಲ್ಲಿ 180ರ ಆಸುಪಾಸು, ಬೆಚ್ಚಗಿನ ಕಾಲದಲ್ಲಿ 280ರ ಆಸುಪಾಸು. 300 ದಾಟಿದ್ದು ಎಲ್ಲೂ ಕಾಣಲಿಲ್ಲ. ಈಗ 420 ದಾಟಿದೆ.

ಧ್ರುವದ ಗಡ್ಡೆಗೂ ನೀಲಗಿರಿಯ ಕೆಸರಿಗೂ ಒಂದು ನಂಟಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ, ಒಣ ಹವೆಯ ಆ ಹುಲ್ಲುಗಳು ಮರಗಳಿಗಿಂತ ಮೇಲುಗೈ ಪಡೆಯುತ್ತವೆ. ಹಿಮಗಡ್ಡೆ ‘ಆಗ 180ರಷ್ಟೇ ಇತ್ತು’ ಎನ್ನುವ ಕಾಲಕ್ಕೆ ಸರಿಯಾಗಿ ಇಲ್ಲಿನ ಕೆಸರು ‘ಆಗ ಹುಲ್ಲಿತ್ತು’ ಎನ್ನುತ್ತದೆ. ಭೂಮಿಯ ತುದಿಯಲ್ಲೊಬ್ಬ, ನಮ್ಮ ಹಿತ್ತಿಲಲ್ಲೊಬ್ಬ; ಒಬ್ಬರ ಮುಖ ಒಬ್ಬರು ನೋಡದ ಸಾಕ್ಷಿಗಳು ಒಂದೇ ಹೇಳಿಕೆ ಕೊಟ್ಟಿದ್ದಾರೆ. ಬೇರೆ ಯಾವ ಕೇಸಿನಲ್ಲಾದರೂ ಆಗಿದ್ದರೆ ವಕೀಲರು ರಾಜಿಗೆ ಬರುತ್ತಿದ್ದರು.

ನಾವು ಬರುವವರಲ್ಲ. ಗಾಳಿ ಕೆಟ್ಟಿದ್ದು ಕಲ್ಲಿದ್ದಲು ಮತ್ತು ಪೆಟ್ರೋಲಿನಿಂದ ಎಂದು ವರದಿ ಹೇಳಿದರೆ, ಕಲ್ಲಿದ್ದಲು ಮತ್ತು ಪೆಟ್ರೋಲನ್ನು ಉರಿಯಲು ಬಿಟ್ಟು ಹುಲ್ಲಿನ ಮೇಲೆ ಗುದ್ದಲಿ ಎತ್ತುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದ್ದು ಗಾದೆಗಾಗಿ. ಇಲ್ಲಿ ಬರೆ ಬಿದ್ದದ್ದು ಅಕ್ಷರಶಃ ತೋಡರ ಎಮ್ಮೆಗಳ ಮೇವಿನ ಮೇಲೆ. ಕೆಸರಿನ ಪಕ್ಕ ಬೆಳೆಯುವ ಹುಲ್ಲಿನಿಂದಲೇ ತಮ್ಮ ದೇವಸ್ಥಾನಕ್ಕೆ ಸೂರು ಹೊದಿಸುವ ಜನ ಅವರು. ಆ ಹುಲ್ಲು ಹುಡುಕಿಕೊಂಡು ಅವರು ದೂರ ಅಲೆಯಬೇಕಾಗಿದೆ. ನಮ್ಮ ಸಸಿಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.

ನೀರಿಗೂ ಕಾಲಂ ಇಲ್ಲ. ಊಟಿ ಹತ್ತಿರದ ಗ್ಲೆನ್‌ಮಾರ್ಗನ್‌ನಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ವಿಜ್ಞಾನಿಗಳು ಎರಡು ಪುಟ್ಟ ಜಲಾನಯನಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ವರ್ಷಗಟ್ಟಲೆ ಅಳೆದರು. ಹುಲ್ಲಿದ್ದ ಕಡೆ ನೀಲಗಿರಿ ಮರ ನೆಟ್ಟಾಗ ಹರಿದುಬರುವ ನೀರು ಮೊದಲ ಹತ್ತು ವರ್ಷಗಳಲ್ಲಿ ಶೇ 16ರಷ್ಟು ಇಳಿಯಿತು. ಕಡಿದು ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಸುಮಾರು ಶೇ 25ರಷ್ಟು. ಮರ ಮಳೆ ತರುತ್ತದೆ ಎಂದು ಮೂರನೆಯ ತರಗತಿಯಲ್ಲಿ ಓದಿದವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಅಂಕಿ ಬೇಡ, ಪಠ್ಯಪುಸ್ತಕದ ಚಿತ್ರ ಸಾಕು.

ನಿಜ ಹೇಳಬೇಕೆಂದರೆ ತಪ್ಪು ಹುಲ್ಲಿನದೇ. ಅದಕ್ಕೆ ಫೋಟೊದಲ್ಲಿ ನಿಲ್ಲಲು ಬರುವುದಿಲ್ಲ. ಮಂತ್ರಿಯೊಬ್ಬರು ಹುಲ್ಲಿನ ಪಕ್ಕ ನಿಂತರೆ ಅವರೇನೋ ಕಳೆದುಕೊಂಡು ಹುಡುಕುತ್ತಿರುವಂತೆ ಕಾಣುತ್ತದೆ. ಸಸಿಯ ಪಕ್ಕ ನಿಂತರೆ ದೂರದೃಷ್ಟಿಯುಳ್ಳವರಂತೆ ಕಾಣುತ್ತಾರೆ. ವರ್ಷದಲ್ಲಿ ಒಮ್ಮೆ, ಡಿಸೆಂಬರ್-ಜನವರಿಯಲ್ಲಿ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾದಾಗ ಮಾತ್ರ ಅದಕ್ಕೆ ಪತ್ರಿಕೆಯ ಮುಖಪುಟ. ‘ಊಟಿ ಈಗ ಕಾಶ್ಮೀರ’ ಎಂಬ ತಲೆಬರಹ. ಆ ಹಿಮ ಶೋಲಾ ಎಂಬ ಇಲ್ಲಿನ ಬೆಟ್ಟದ ಕಾಡಿನ ಎಳೆ ಸಸಿಗಳನ್ನು ಸುಡುವುದರಿಂದಲೂ ಅಲ್ಲಿ ಮರ ಬೇರೂರದೆ ಹುಲ್ಲು ಉಳಿದಿದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ‘ಇಷ್ಟು ಚಳಿಯಿದೆ, ಎಲ್ಲಿದೆಯಪ್ಪಾ ನಿಮ್ಮ ತಾಪಮಾನ ಏರಿಕೆ?’ ಎಂದು ಕೇಳುವ ವಾಟ್ಸಾಪ್ ಪಂಡಿತರು ಮಾತ್ರ ಬೆಳಗ್ಗೆ ಆರಕ್ಕೇ ಎದ್ದಿರುತ್ತಾರೆ.

ಇದು ತಮಿಳುನಾಡಿನ ಕತೆ, ನಮಗೇನು ಎಂದು ಕರ್ನಾಟಕದವರು ಮೀಸೆ ತಿರುವಬೇಕಿಲ್ಲ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಫಿಲ್ಮ್ ಸಿಟಿ ಕಟ್ಟುವ ಯೋಚನೆಯಿತ್ತು. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು. ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಬಂಡೀಪುರ ದಾಟಿ ಊಟಿಗೆ ಸಾಲುಗಟ್ಟುವ ಕಾರುಗಳ ನಂಬರ್ ಪ್ಲೇಟು ಯಾವ ರಾಜ್ಯದ್ದೆಂದು ಕೇಳಲೇಬೇಡಿ. 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಬಂದಿದೆ. ತಂಪಿಗೂ ಪಾಸು.

ಇತ್ತ 2009ರ ನವೆಂಬರ್ 10ರಂದು ನೀಲಗಿರಿಯ ಕೇತ್ತಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಸುರಿದು, ಆ ದಿನಗಳಲ್ಲಿ ಕೋತಗಿರಿ-ಕುನ್ನೂರು ಸೀಮೆಯ ಇಳಿಜಾರುಗಳು ಮನೆಗಳ ಸಮೇತ ಜಾರಿದವು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲೂ ಒಂದೇ ದಿನಕ್ಕೆ 80 ಸೆಂ.ಮೀ. ದಾಟಿತು. ಯಾವುದೋ ಒಂದು ಮಳೆಯನ್ನು ಹಿಡಿದು ಇದಕ್ಕೆ ಇಂಗಾಲವೇ ಕಾರಣ ಎಂದು ಯಾವ ವಿಜ್ಞಾನಿಯೂ ಸುಮ್ಮನೆ ಬೆರಳು ತೋರಿಸುವುದಿಲ್ಲ. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಶೇ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು ಎಂದಷ್ಟೇ ಹೇಳುತ್ತಾರೆ. ಆ ನೀರು ಇಳಿಯುವುದು ಯಾರ ತಲೆಯ ಮೇಲೆ ಎಂಬುದನ್ನು ಕೀಳ್ ಕೋತಗಿರಿಯ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬಸ್ಸಿನವರಲ್ಲಿ ಒಂದು ವಿನಂತಿ. ಮುಂದಿನ ಜೂನ್ 5ಕ್ಕೆ ಸಸಿ ಹೊತ್ತು ಮೇಲೆ ಬರಬೇಡಿ. ಬರಲೇಬೇಕೆಂದಿದ್ದರೆ ಕೊಡಲಿ ತನ್ನಿ, ವಾಟಲ್ ತೆಗೆಯುವ ಕೆಲಸ ಕೋರ್ಟಿನ ಆದೇಶದ ಮೇಲೆ ನಡೆಯುತ್ತಿದೆ, ಅರಣ್ಯ ಇಲಾಖೆಯವರನ್ನು ಕೇಳಿ ಕೈಜೋಡಿಸಿ. ಇಳಿಯುವಾಗ ಕೀಳ್ ಕೋತಗಿರಿಯಲ್ಲಿ ನಿಲ್ಲಿಸಿ, ಸಣ್ಣ ಬೆಳೆಗಾರರ ಟೀ ಪುಡಿಯನ್ನು ಚೌಕಾಸಿ ಮಾಡದೆ ಕೊಂಡುಕೊಳ್ಳಿ.