ಬಾನೆಟ್ಟಣ್ಣ

ಬಾನೆಟ್ಟಣ್ಣನಿಗೆ ಸ್ವಂತ ಕಾರಿಲ್ಲ. ಅವನು ಓಡಾಡುವುದು ಟಿವಿಎಸ್ ಎಕ್ಸೆಲ್‌ನಲ್ಲಿ. ಕಾಲಿಡುವ ಜಾಗದಲ್ಲಿ ಯಾವಾಗಲೂ ಒಂದು ಹಿಂಡಿ ಮೂಟೆ. ಬೆಳ್ಳೂರಿನಲ್ಲಿ ಇದನ್ನು ಯಾರೂ ಕೊರತೆಯೆಂದು ಎಣಿಸಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಲಿ, ಮೊದಲು ಹೋಗುವುದು ಬ್ಯಾಂಕಿಗಲ್ಲ, ಗ್ಯಾರೇಜಿಗೂ ಅಲ್ಲ. ಇವನ ಮನೆ ಜಗಲಿಯ ಮುಂದೆ ನಿಂತು, "ಅಣ್ಣೋ, ಒಂದ್ ಗಾಡಿ ನೋಡ್ಬೇಕಿತ್ತು" ಅನ್ನುತ್ತಾರೆ. ಅಣ್ಣ ಒಳಗೆ ಹೋಗಿ ತೊಳೆದ ಅಂಗಿ ಹಾಕಿಕೊಂಡು ಬರುತ್ತಾನೆ. ಆಧಾರ್ ಕಾರ್ಡಿನಲ್ಲಿ ಅವನ ಹೆಸರು ಬೇರೆ ಏನೋ ಇದೆ. ಯಾವ ಕಾರಿನ ಮುಂದೆ ನಿಂತರೂ "ಬಾನೆಟ್ ಎತ್ತಿ" ಎಂದೇ ಮಾತು ತೆಗೆಯುವುದರಿಂದ ಊರು ಈ ಹೆಸರನ್ನು ಕೊಟ್ಟಿದೆ. ಬೇರೆ ಊರುಗಳಲ್ಲೂ ಇಂಥವರಿದ್ದಾರೆ, ಆದರೆ ಅವರೆಲ್ಲ ಅಪ್ರೆಂಟಿಸ್‌ಗಳು ಎಂಬುದು ನಮ್ಮವರ ಅಭಿಪ್ರಾಯ.

ಈ ವಿದ್ಯೆ ಗ್ಯಾರೇಜಿನಲ್ಲಿ ಕಲಿತದ್ದಲ್ಲ. ಅವನಪ್ಪ ದನದ ದಲ್ಲಾಳಿ. ಕೆ.ಆರ್.ಪೇಟೆ ಕಡೆಯ ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಬಾಯಿ ಬಿಡಿಸಿ ಹಲ್ಲು ನೋಡಿ, ಹಣೆ ಬೆನ್ನಿನ ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದ ಪೈಕಿ. ಉಳುಮೆಗೆ ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾದಾಗ ಮಗ ಅಪ್ಪನ ಶಾಸ್ತ್ರವನ್ನು ಅನಾಮತ್ತಾಗಿ ಎತ್ತಿ ಕಾರಿನ ಮೇಲೆ ಇಟ್ಟ. ಮೂರ್ನಾಲ್ಕು ವರ್ಷದ ಕಾರು ಅವನ ಬಾಯಲ್ಲಿ ಈಗಲೂ 'ನಾಕಲ್ಲು', ಹತ್ತು ದಾಟಿದ್ದು 'ಬಾಯ್ಗೂಡಿದ್ದು'. ನಂಬರ್ ಪ್ಲೇಟಿನ ಅಂಕಿ ಕೂಡಿದಾಗ ಎಂಟು ಬಂದರೆ ಅದು ಸುಳಿ ಸರಿಯಿಲ್ಲದ ಗಾಡಿ. ಅಂಥದರ ಮುಂದೆ ಅವನು ಎಂಥ ದುಃಖದಲ್ಲಿ ನಿಲ್ಲುತ್ತಾನೆಂದರೆ, ಮಾರುವವನು ಕೇಳದೆಯೇ ಹತ್ತು ಸಾವಿರ ಇಳಿಸಿಬಿಡುತ್ತಾನೆ. ಇಳಿಸಿದ ಮೇಲೆ ಕೊಳ್ಳುವವನ ಕಿವಿಯಲ್ಲಿ, "ಸನಿಮಾತ್ಮನ ನಂಬರು ಕಣಣ್ಣ, ಸನಿವಾರ ಎಳ್ಳೆಣ್ಣೆ ದೀಪ ಅಚ್ಚು, ಅವ್ನೇ ಕಾಯ್ತಾನೆ" ಅನ್ನುವುದೂ ಉಂಟು.

ಪ್ಲೇಟಿನ ಮೊದಲೆರಡು ಅಂಕಿ ನೋಡಿದರೆ ಅರ್ಧ ತೀರ್ಪು ಬಂದಹಾಗೆ. ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಹಾದುಹೋಗುವುದರಿಂದ ಎಲ್ಲ ಜಿಲ್ಲೆಯ ನಂಬರೂ ಅವನ ಕಣ್ಣಿಗೆ ಬಿದ್ದಿವೆ. ಕೆಎ 19, ಮಂಗಳೂರು. "ಸಮುದ್ರದ್ ಗಾಳಿ, ತಳ ತುಕ್ಕು" ಎಂದವನೇ ರಸ್ತೆಯ ಮೇಲೆ ಅಂಗಾತ ಮಲಗಿ ಕಾರಿನಡಿಗೆ ತಲೆ ತೂರಿಸುತ್ತಾನೆ. ತೊಳೆದ ಅಂಗಿಯ ಕಥೆ ಅಲ್ಲಿಗೆ ಮುಗಿಯಿತು. ಕೆಎ 12, ಮಡಿಕೇರಿ. "ಬರೀ ಏರು ಇಳ್ಕಲು, ಕ್ಲಚ್ ಪ್ಲೇಟು ಸವ್ದೋಗಿರ್ತದೆ." ಬೆಂಗಳೂರಿನ 01, 02, 03 ಎಂದರೆ, "ಸಿಗ್ನಲ್‌ನಾಗೆ ನಿಂತ್ ನಿಂತೇ ವಯಸ್ಸಾಗಿರೋ ಗಾಡಿ. ಮೀಟ್ರು ಕಮ್ಮಿ ತೋರುಸ್ತದೆ, ಇಂಜಿನ್ನು ಆಡಿದ್ದು ಆಡೇ ಇರ್ತದೆ." ದೆಹಲಿಯ ನಂಬರಿನ ಮೇಲೆ ಅವನಿಗೆ ವಿಶೇಷ ಕೋಪ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಕೂಡದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮೇಲೆ ಆ ಕಡೆಯ ದೊಡ್ಡ ದೊಡ್ಡ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಇಳಿದವಲ್ಲ, ಅವುಗಳಿಗೆ ಇಲ್ಲಿ ಬಂದು ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಿ ನಂಬರ್ ಬದಲಿಸುವಷ್ಟರಲ್ಲಿ ಅಗ್ಗವೆಲ್ಲ ಆವಿಯಾಗುತ್ತದೆ. ನಮ್ಮದೇ ನಾಗಮಂಗಲದ ಕೆಎ 54 ಆದರೆ ಅವನು ನೋಡುವುದೇ ಇಲ್ಲ. "ಇದ್ನ ನಾನೇ ಕೊಡ್ಸಿದ್ದು."

ಬಾನೆಟ್ ಎತ್ತಿದ ಮೇಲೆ ಅವನು ನೋಡುವುದು ಇಂಜಿನ್ನನ್ನು ಎಂದು ಎಲ್ಲರೂ ತಿಳಿದಿದ್ದಾರೆ. ನಾನೂ ಒಂದೆರಡು ಸಲ ಜೊತೆಗೆ ಹೋಗಿ ಗಮನಿಸಿದ್ದೇನೆ: ಅವನ ಕಣ್ಣು ಇರುವುದು ಮಾರುವವನ ಮುಖದ ಮೇಲೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಯುತ್ತಾನೆ. ಹೊಗೆ ಬುಸುಬುಸು ಎದ್ದರೆ ರಿಂಗು ಸವೆದಿದೆ ಎಂಬುದು ನಿಜ, ಆದರೆ ಹೊಗೆ ಏಳುವ ಮೊದಲೇ ಮಾರುವವನು ಕರವಸ್ತ್ರ ತೆಗೆದಿರುತ್ತಾನೆ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತಿರುತ್ತದೆ. ನಾಲ್ಕು ಗಾಜು ಒಂದು ವರ್ಷದ್ದಾಗಿ ಐದನೆಯದು ಬೇರೆ ವರ್ಷದ್ದಾದರೆ, "ಈ ಕಡೆ ಬಾಗ್ಲು ಯಾರ್ಗ್ ಗುದ್ದಿದ್ದು ಸಾರ್?" ಎಂದು ಮೃದುವಾಗಿ ಕೇಳುತ್ತಾನೆ. ಯಾರಿಗೂ ಇಲ್ಲ ಎನ್ನುವವನ ಹೆಂಡತಿ ಪಕ್ಕದಲ್ಲಿದ್ದರೆ ಉತ್ತರ ಅವಳ ಮುಖದಲ್ಲಿರುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಅವನು ಓದಬಲ್ಲ. 2318 ಎಂದರೆ 2018ರ ಇಪ್ಪತ್ಮೂರನೇ ವಾರ. 'ಹೋದ ತಿಂಗಳು ಹಾಕಿಸಿದ ಹೊಸ ಟೈರು' ಎಂದು ಹೇಳಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಕಾರುಗಳೆಲ್ಲ ನೀರಲ್ಲಿ ಮುಳುಗಿದ ಮೇಲೆ ಇನ್ನೊಂದು ಪರೀಕ್ಷೆ ಸೇರಿಕೊಂಡಿದೆ: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತಾನೆ. ಸೀಟನ್ನು ತೊಳೆದು ಸೆಂಟು ಹೊಡೆಯಬಹುದು, ಬೆಲ್ಟಿನ ತುದಿಯ ಕೆಸರನ್ನು ತೊಳೆಯುವಷ್ಟು ತಾಳ್ಮೆ ಯಾವ ಬ್ರೋಕರಿಗೂ ಇಲ್ಲ.

ಕಿಲೋಮೀಟರ್ ಎಷ್ಟು ಓಡಿದೆ ಎಂದು ಮಾತ್ರ ಅವನು ಕೇಳುವುದಿಲ್ಲ. ಅದು ಮರ್ಯಾದಸ್ಥರು ಕೇಳುವ ಪ್ರಶ್ನೆಯಲ್ಲ ಎಂಬ ಭಾವ. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿ, ಗೇರ್ ಗುಬುಟಿನ ಮೇಲಿನ ಅಂಕಿ ಅಳಿಸಿಹೋಗಿ, ಮೀಟರ್ ನಲವತ್ತು ಸಾವಿರ ತೋರಿಸುತ್ತಿದ್ದರೆ, "ಮೀಟ್ರು ವಾಪಸ್ ಬಂದೈತೆ, ಗಾಡಿ ಬಂದಿಲ್ಲ" ಎಂದಷ್ಟೇ ಹೇಳಿ ಎಲೆ ಅಡಿಕೆ ತೆಗೆಯುತ್ತಾನೆ.

ಮಾರುವವರೂ ಕಡಿಮೆಯೇನಲ್ಲ. ಬೇರೆ ಕಡೆ ಹಳೇ ಕಾರೆಲ್ಲ 'ಲೇಡೀಸ್ ಓಡಿಸಿದ್ದು' ಆದರೆ, ನಮ್ಮಲ್ಲಿ 'ಡಾಕ್ಟ್ರ ಗಾಡಿ'. ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಇರುವುದರಿಂದ ಈ ಸುಳ್ಳಿಗೆ ಒಂದು ಖಾಯಂ ವಿಳಾಸ ಸಿಕ್ಕಿದೆ. ಈವರೆಗೆ ಬೆಳ್ಳೂರು ಸೀಮೆಯಲ್ಲಿ ಕೈಬದಲಾದ ಡಾಕ್ಟರ ಕಾರುಗಳನ್ನೆಲ್ಲ ಲೆಕ್ಕ ಹಾಕಿದರೆ, ಅಲ್ಲಿಯ ಡಾಕ್ಟರುಗಳು ರೋಗಿ ನೋಡುವುದು ಬಿಟ್ಟು ಬರೀ ಕಾರು ಮಾರುತ್ತಿದ್ದಾರೆ ಎನ್ನಬೇಕು. ಡಾಕ್ಟರ ಗಾಡಿ ಎಂದ ಕೂಡಲೇ ಬಾನೆಟ್ಟಣ್ಣ, "ಯಾವ ಡಿಪಾರ್ಟ್‌ಮೆಂಟು?" ಅನ್ನುತ್ತಾನೆ. ಆ ಕಡೆಯಿಂದ ಮೌನ.

ಅವನಿಗೂ ಭಕ್ತಿಯ ಜಾಗವೊಂದಿದೆ: ಕ್ವಾಲಿಸ್. ಬಿಡದಿಯ ಕಾರ್ಖಾನೆಯಲ್ಲಿ 2000ದಿಂದ 2005ರವರೆಗೆ ತಯಾರಾಗಿ, ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ ಇನ್ನೋವಾಕ್ಕೆ ದಾರಿ ಬಿಟ್ಟು ನಿಂತುಹೋದ ಗಾಡಿ. ಅದರ ಹೆಸರು ಬಂದರೆ ಎಲೆ ಅಡಿಕೆ ಉಗುಳಿ ಬಂದು ಮಾತಾಡುತ್ತಾನೆ. ಈಗ ಅತ್ಯಂತ ಎಳೆಯ ಕ್ವಾಲಿಸ್ಸಿಗೂ ಹದಿನೈದು ವರ್ಷ ದಾಟಿ, ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಯಿತು. "ಸರ್ಕಾರ್ದೋರ್ಗೆ ಅಳೇದು ಕಂಡ್ರಾಗಾಕಿಲ್ಲ" ಎಂದು ಬಾನೆಟ್ಟಣ್ಣ ಇದನ್ನು ಸ್ವಂತ ಅವಮಾನವೆಂದೇ ತಗೊಂಡಿದ್ದಾನೆ.

ಹೀಗಿರುವಾಗ ನಮ್ಮೂರಿನ ಮೇಷ್ಟ್ರೊಬ್ಬರು ನಿವೃತ್ತರಾದರು. ಹಳೆಯದಾದರೂ ಕೈಕೊಡದ ಒಂದು ಕಾರು ಬೇಕಿತ್ತು, ಬಜೆಟ್ ಎರಡೂವರೆ ಲಕ್ಷ. ಮೇಷ್ಟ್ರ ಮನೆಯವರಿಗೆ ಬಿಳಿ ಬಣ್ಣ ಬೇಕು. ಮೇಷ್ಟ್ರ ತಾಯಿಗೆ ಮಂಡಿ ನೋವು, ಬಗ್ಗಿ ಕೂರುವ ಕಾರು ಆಗದು. ಬೆಂಗಳೂರಿನ ಮಗನಿಗೆ ಮೇಲ್ಗಡೆ ತೆರೆಯುವ ಗಾಜು ಬೇಕು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಧರ್ಮಸ್ಥಳಕ್ಕೆ ಹೋದರೆ ಎಲ್ಲರೂ ಹಿಡಿಸಬೇಕು. ಐದು ಸೀಟಿನ ಕಾರೆಂದರೆ ನಮ್ಮ ಕಡೆ ಏಳು ಜನ, ಮಕ್ಕಳನ್ನು ಎಣಿಸುವ ಪದ್ಧತಿಯಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಬಾನೆಟ್ಟಣ್ಣ, "ವ್ಯಾಗನಾರ್" ಎಂದ. ಪೆಟ್ರೋಲ್ ಗಾಡಿ, ಎತ್ತರದ ಸೀಟು, ನಾಗಮಂಗಲದಲ್ಲೂ ಸ್ಪೇರ್ ಸಿಗುತ್ತದೆ, ಯಾವ ಹುಡುಗ ಬೇಕಾದರೂ ರಿಪೇರಿ ಮಾಡುತ್ತಾನೆ. ಆಮೇಲೆ ಯೋಚಿಸಿದಾಗ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಯಾವ ಇಂಜಿನಿಯರೂ ಕೊಡುತ್ತಿರಲಿಲ್ಲ ಅನ್ನಿಸಿತು. ಹಳೇ ಕಾರು ಕೆಡದೇ ಇರುತ್ತದೆಯೆ? ಕೆಟ್ಟ ದಿನ ಸಂಜೆಯೊಳಗೆ ಮನೆಗೆ ಬಂದರೆ ಅದು ಒಳ್ಳೆಯ ಕಾರು.

ಚನ್ನರಾಯಪಟ್ಟಣದಲ್ಲಿ ನೋಡಿದ್ದಕ್ಕೆ ಬಣ್ಣ ಎರಡು ತರಹ. ಕುಣಿಗಲ್ಲಿನದು ಚೆನ್ನಾಗಿತ್ತು, ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಸಾಲದ ನಮೂದು ತೆಗೆಸಿರಲಿಲ್ಲ. ಬಾನೆಟ್ಟಣ್ಣ ಇಂಗ್ಲಿಷ್ ಓದುವುದಿಲ್ಲ, ಆದರೆ ಫಾರಂ ನಂಬರುಗಳೆಲ್ಲ ಬಾಯಿಪಾಠ. "ಇಪ್ಪತ್ತೊಂಬತ್ತು, ಮೂವತ್ತು ಸೈನಾಗ್ಬೇಕು. ಲೋನಿದ್ರೆ ಮೂವತ್ತೈದು. ಅದಿಲ್ದೆ ದುಡ್ಡು ಬಿಚ್ಬ್ಯಾಡಿ." ಹೆಸರು ಬದಲಾಯಿಸಿಕೊಳ್ಳದೆ ವರ್ಷಗಟ್ಟಲೆ ಓಡಿಸುವ ಶೂರರು ನಮ್ಮಲ್ಲಿ ಬೇಕಾದಷ್ಟು. ಕೊಂಡವನು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸಿನವರಿಗೆ. ತಿಳಿಸದೆ ಯಾರಿಗಾದರೂ ಗುದ್ದಿದರೆ ಆಗ ಗೊತ್ತಾಗುತ್ತದೆ. ಬೆಂಗಳೂರಿನ ಗಾಡಿಗಾದರೆ ಟ್ರಾಫಿಕ್ ದಂಡದ ಬಾಕಿ ಬೇರೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನವರು ಮುಗಿಬಿದ್ದು ಕಟ್ಟಿದರಲ್ಲ, ಆವತ್ತೂ ಕಟ್ಟದವನ ಕಾರನ್ನು ಬಾನೆಟ್ಟಣ್ಣ ಮುಟ್ಟುವುದಿಲ್ಲ. "ಅರ್ಧ ರೇಟಿಗೂ ಕಟ್ಟದೋನು ಆಯಿಲ್ ಚೇಂಜ್ ಮಾಡ್ಸಿರ್ತಾನಾ?"

ಕೊನೆಗೆ ಒಪ್ಪಿದ್ದು ಕೆಎ 13, ಹಾಸನದ ಒಂದು ವ್ಯಾಗನಾರ್. ಅದರ ಯಜಮಾನರು ಪೆಟ್ರೋಲ್ ಹಾಕಿಸಿದ ಲೆಕ್ಕವನ್ನೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದರು. ಡೈರಿ ನೋಡಿದ್ದೇ ಬಾನೆಟ್ಟಣ್ಣ ಬಾನೆಟ್ ಎತ್ತಿಸುವುದನ್ನೇ ಮರೆತ. ಆಮೇಲೆ ಹೆಸರಿಗೆ ಕುಂದು ಬಂದೀತೆಂದು ಎತ್ತಿಸಿ, ಒಳಗೆ ನೋಡದೆ ಮುಚ್ಚಿದ. ಎಸಿ ಹಾಕಿ, ಎಲ್ಲರನ್ನೂ ತುಂಬಿಕೊಂಡು ಚುಂಚನಗಿರಿಯ ಏರು ಹತ್ತಿಸಿದ್ದಾಯಿತು. ವ್ಯಾಪಾರಕ್ಕೆ ಮಾತ್ರ ಯಜಮಾನರನ್ನು ಕ್ರಾಸಿನ ಹೋಟೆಲಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಟವೆಲ್ ಇತ್ತೋ ಇಲ್ಲವೋ ನಾವು ಕಾಣೆವು. ಬರುವಾಗ ಇಪ್ಪತ್ತು ಸಾವಿರ ಇಳಿದಿತ್ತು, ಇಬ್ಬರ ಮುಖದಲ್ಲೂ ನಗುವಿತ್ತು. ಎರಡೂ ಕಡೆ ಕಾಫಿ ಕುಡಿಯುತ್ತಾನೆ ಎಂಬ ಅಪವಾದ ಅವನ ಮೇಲೆ ಇದ್ದೇ ಇದೆ. ಮೇಷ್ಟ್ರು ಕೊಡಹೋದ ದುಡ್ಡನ್ನು ಅವನು, "ಅಯ್ಯೋ ಬುಡಿ ಮೇಷ್ಟ್ರೇ, ನಮ್ಮಪ್ಪಂಗೆ ಅಕ್ಷರ ಕಲ್ಸಿದ್ ಮನೆ ನಿಮ್ದು" ಎನ್ನುತ್ತಲೇ ಜೇಬಿಗಿಟ್ಟುಕೊಂಡ.

ಪೂಜೆ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ. ಮುಂದಿನ ಸೀಟಿನಲ್ಲಿ ಮೇಷ್ಟ್ರ ತಾಯಿ ಕೂರಬೇಕಿತ್ತು, ಬಾನೆಟ್ಟಣ್ಣ ಕೂತಿದ್ದ, ಸದ್ದು ಕೇಳಬೇಕಂತೆ. ಹೂವಿನ ಹಾರ ಹಾಕಿ, ನಾಲ್ಕು ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದು, ಮೇಷ್ಟ್ರು ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ಅವನು ಪಕ್ಕಕ್ಕೆ ಸರಿದು ಪಿಸುಗುಟ್ಟಿದ:

"ಮೇಷ್ಟ್ರೇ, ಎಲ್ಡ್ ವರ್ಸ ಇಟ್ಕಳಿ ಸಾಕು. ಆಮೇಲೆ ಕೊಟ್ಬುಡವ. ಹಿರೀಸಾವೆ ಕಡೆ ಒಂದ್ ಪಾರ್ಟಿ ಐತೆ, ಇಂಥದ್ನೇ ಕೇಳ್ತಾವ್ನೆ."

"ಅವ್ರು ಹಂಗೇ ತಗೊಂಡ್ಬಿಡ್ತಾರೇನಪ್ಪಾ? ತಿಳಿದೋರನ್ನ ಯಾರನ್ನಾದ್ರೂ ಕರ್ಕೊಂಡ್ ಬಂದು ತೋರ್ಸೋದಿಲ್ವೆ?"

"ತೋರುಸ್ದೆ ಬುಡ್ತಾರಾ! ನನ್ನೇ ಕರ್ಕಂಡ್ ಬತ್ತಾರೆ."