ಗೇಟಣ್ಣ

ರೈಲು ಹಳಿ ಊರನ್ನು ಎರಡು ಹೋಳು ಮಾಡಿರುವ ಕಡೆಯಲ್ಲೆಲ್ಲ ಒಬ್ಬ ಗೇಟಣ್ಣ ಇದ್ದೇ ಇರುತ್ತಾರೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ತಿಪಟೂರು, ಕಡೂರು, ಬೀರೂರು, ಹರಿಹರ, ರಾಣೆಬೆನ್ನೂರು, ಎಲ್ಲಿ ಇಳಿದು ವಿಚಾರಿಸಿದರೂ "ಓ, ಅವರಾ? ಅಲ್ಲೇ ಗೇಟ್ ಹತ್ರ ಇರ್ತಾರೆ ನೋಡಿ" ಎಂದು ಕೈ ತೋರಿಸುತ್ತಾರೆ. ನಮ್ಮೂರಿನ ಗೇಟಣ್ಣನ ಹೆಸರು ರೇಷನ್ ಕಾರ್ಡಿನಲ್ಲಿ ಬೇರೇನೋ ಇದೆ. ಅದನ್ನು ಪೋಸ್ಟ್‌ಮ್ಯಾನ್ ಕೂಡ ಮರೆತಿದ್ದಾನೆ.

ಅವರ ಮನೆ ಹಳಿಯ ಈಚೆ. ಬ್ಯಾಂಕು, ಸಂತೆಮಾಳ, ಕಟಿಂಗ್ ಶಾಪು, ಬೀಗರ ಮನೆ ಎಲ್ಲ ಆಚೆ. ಹೀಗಾಗಿ ದಿನಕ್ಕೆ ನಾಲ್ಕಾರು ಸಲವಾದರೂ ಗೇಟು ದಾಟಬೇಕು. ಗೇಟು ಬಿದ್ದಿದ್ದರೆ ಅವರಿಗೆ ಎಲ್ಲಿಲ್ಲದ ಅರ್ಜೆಂಟು. ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಪೇಪರನ್ನು ಕಂಕುಳಿಗೆ ಸಿಕ್ಕಿಸಿ, ಸೊಂಟನೋವಿಗೆಂದು ಡಾಕ್ಟರು ಬಗ್ಗಲೇಬಾರದು ಎಂದಿರುವ ಆ ದೇಹವನ್ನು ಕಂಬದಡಿ ಸಲೀಸಾಗಿ ನುಸುಳಿಸಿ, ಹಳಿ ದಾಟಿ, ಆಚೆ ಕಂಬದಡಿಯಿಂದ ಎದ್ದು ನಿಲ್ಲುತ್ತಾರೆ. ಇಷ್ಟು ಅವಸರದ ಮನುಷ್ಯ ಮುಂದೆ ಎಲ್ಲಿಗೆ ಓಡುತ್ತಾರೆ ಎಂದುಕೊಂಡಿರಿ? ಎಲ್ಲಿಗೂ ಇಲ್ಲ. ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಒಂದು ಬೈಟೂ ಹೇಳಿ, ರೈಲು ಬರುವುದನ್ನೇ ಕಾಯುತ್ತಾರೆ. ಕೊನೆಯ ಬೋಗಿಯ ಬೆನ್ನಿನ ಹಳದಿ ಗುಣಿಲೆ ಗುರುತು ಕಣ್ಮರೆಯಾಗುವವರೆಗೂ ನೋಡಿ, "ಪ್ಯಾಸೆಂಜರ್ರು. ಇಪ್ಪತ್ತು ನಿಮಿಷ ಲೇಟು" ಎಂದು ಘೋಷಿಸುತ್ತಾರೆ. ಆಮೇಲೆಯೇ ಬ್ಯಾಂಕಿನ ಕಡೆ ಹೆಜ್ಜೆ.

ಗೇಟ್‌ಮ್ಯಾನ್ ಮೇಲೆ ಅವರಿಗೆ ಹಳೆಯ ಸಿಟ್ಟು. "ಗಾಡಿ ಇನ್ನೂ ಆ ಸ್ಟೇಷನ್ನೇ ಬಿಟ್ಟಿರಲ್ಲ, ಇವನು ಗೇಟ್ ಹಾಕ್ಕೊಂಡು ಕೂತಿರ್ತಾನೆ. ಮೊನ್ನೆ ಕಾಲು ಗಂಟೆ ಕಾಯಿಸಿದ. ಕೊನೇಗೆ ಬಂದಿದ್ದೇನು? ಬರೀ ಇಂಜಿನ್ನು!" ನಿಜಸ್ಥಿತಿ ಅವರಿಗೂ ಗೊತ್ತು. ಸಿಗ್ನಲ್ಲಿಗೂ ಗೇಟಿಗೂ ಇಂಟರ್‌ಲಾಕ್ ಇರುವ ಕಡೆ ಗೇಟು ಬಿದ್ದು ಬೀಗವಾಗುವ ತನಕ ಸಿಗ್ನಲ್ ಹಸಿರಾಗುವುದಿಲ್ಲ. ಡ್ರೈವರಿಗೆ ಹಸಿರು ದೂರದಿಂದಲೇ ಕಾಣಬೇಕು, ಯಾಕೆಂದರೆ ವೇಗವಾಗಿ ಬರುವ ರೈಲು ಬ್ರೇಕ್ ಹಾಕಿದ ಮೇಲೂ ನಿಲ್ಲುವುದಕ್ಕೆ ಸುಮಾರು ಒಂದು ಕಿಲೋಮೀಟರು ಬೇಡುತ್ತದೆ. ಒಮ್ಮೆ ಸಿಗ್ನಲ್ ಕೊಟ್ಟರೆ ಗೇಟ್‌ಮ್ಯಾನ್ ಕಾಲಿಗೆ ಬಿದ್ದು ಬೇಡಿಕೊಂಡರೂ ಗೇಟು ಏಳುವುದಿಲ್ಲ. ಸ್ಟೇಷನ್ ಮಾಸ್ತರು ಫೋನಿನಲ್ಲಿ ಹೇಳಿದ ಪ್ರೈವೇಟ್ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು, ಎರಡೂ ಕಡೆಯ ಬೈಗುಳಕ್ಕೆ ಕಿವಿಯಾಗಿ, ಹಸಿರು ಬಾವುಟ ಹಿಡಿದು ನಿಲ್ಲುವುದಷ್ಟೇ ಆ ಪುಣ್ಯಾತ್ಮನ ಪಾಲಿಗೆ ಉಳಿದಿದ್ದು. ಇಷ್ಟೆಲ್ಲ ಗೊತ್ತಿದ್ದೂ ಗೇಟಣ್ಣ ಬೈಯುವುದು ಬಿಟ್ಟವರಲ್ಲ. ಗೊತ್ತಿರುವುದಕ್ಕೂ ಬೈಯುವುದಕ್ಕೂ ಏನು ಸಂಬಂಧ?

ಕಾನೂನೂ ಅವರಿಗೆ ಬಾಯಿಪಾಠ. 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನ ಪ್ರಕಾರ ಮುಚ್ಚಿದ ಗೇಟನ್ನು ಹೊರಗಿನವರು ತೆರೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು. "ಸ್ವಾಮಿ, ನಾನು ತೆರೆದೆನಾ? ಇಲ್ಲ. ಮುರಿದೆನಾ? ಇಲ್ಲ. ಬಗ್ಗಿದೆ. ಬಗ್ಗೋದು ಅಪರಾಧವಾದ್ರೆ ಈ ದೇಶದಲ್ಲಿ ಯಾವ ಆಫೀಸು ನಡೀತದೆ?" ಅದೇ ಕಾಯ್ದೆಯಲ್ಲಿ 147ನೇ ಕಲಮೊಂದಿದೆ, ರೈಲ್ವೆ ಜಾಗಕ್ಕೆ ಅತಿಕ್ರಮವಾಗಿ ಕಾಲಿಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಎರಡೂ ಬಿದ್ದೀತು ಎಂದು ನೆನಪಿಸಿದರೆ ಅವರ ಟೀ ತಟ್ಟನೆ ಆರಿಹೋಗಿ, ಇನ್ನೊಂದು ಹೇಳಲು ಏಳುತ್ತಾರೆ.

ಗೇಟು ಬಿದ್ದಾಗ ನಮ್ಮೂರಲ್ಲಿ ಎಡ ಬಲ ಎಂಬುದಿಲ್ಲ. ಈಚೆಯವರು ರಸ್ತೆ ಪೂರಾ ತುಂಬಿ ನಿಲ್ಲುತ್ತಾರೆ, ಆಚೆಯವರೂ ಹಾಗೆಯೇ. ಕಂಬ ಎದ್ದೊಡನೆ ಕುರುಕ್ಷೇತ್ರದ ಎರಡು ಸೈನ್ಯದ ಹಾಗೆ ಎದುರುಬದುರಾಗಿ, ನಡುವೆ ಹಳಿಯ ಮೇಲೆ ಒಂದು ಟ್ರ್ಯಾಕ್ಟರ್ ಸಿಕ್ಕಿಕೊಳ್ಳುತ್ತದೆ. ಆಗ ಗೇಟಣ್ಣ ತಾವಾಗಿಯೇ ಸೇನಾಪತಿ. "ಏ ಆಲ್ಟೋ, ಹಿಂದಕ್ಕೆ ತಗೋ! ಬುಲೆಟ್ಟು, ನಿಂಗೆ ಹೇಳಿದ್ದು! ಲೈಟ್ ಕಂಬ ಕಣ್ಣಿಗೆ ಕಾಣಲ್ವಾ?" ಇಷ್ಟು ಜನ ಒಟ್ಟಿಗೆ ತಮ್ಮ ಮಾತು ಕೇಳುವ ಇನ್ನೊಂದು ಜಾಗ ಅವರಿಗೆ ಭೂಮಿಯ ಮೇಲಿರಲಿಲ್ಲ. ಮನೆಯಲ್ಲಂತೂ ಇರಲಿಲ್ಲ ಎಂದು ಅವರ ಹೆಂಡತಿಯೇ ನಮ್ಮಮ್ಮನ ಹತ್ತಿರ ಹೇಳಿದ್ದುಂಟು.

ಜೋಡಿ ಹಳಿ ಬಂದ ಮೇಲೆ ಬಗ್ಗುವ ವಿದ್ಯೆಗೆ ಒಂದು ಗಂಡಾಂತರ ಸೇರಿಕೊಂಡಿತು. ಒಂದು ಗಾಡಿ ಹೋದ ಮೇಲೂ ಗೇಟು ಏಳಲಿಲ್ಲವೆಂದರೆ ಎದುರಿನಿಂದ ಇನ್ನೊಂದು ಬರುತ್ತಿದೆ ಎಂದೇ ಅರ್ಥ. ಹೋಗುತ್ತಿರುವ ಗಾಡಿಯ ಮರೆಯಲ್ಲಿ ಬರುವ ಗಾಡಿ ಕಾಣುವುದಿಲ್ಲ, ಅದರ ಸದ್ದಿನಲ್ಲಿ ಇದರ ಸದ್ದೂ ಕೇಳುವುದಿಲ್ಲ. ಅರ್ಧಕ್ಕರ್ಧ ಜನ ಸಾಯುವುದು ಮೊದಲನೆಯ ರೈಲಿಗಲ್ಲ, ಎರಡನೆಯದಕ್ಕೆ ಎಂದು ಗ್ಯಾಂಗ್‌ಮ್ಯಾನ್‌ಗಳು ಹೇಳುತ್ತಾರೆ. ಲೆಕ್ಕ ಇಟ್ಟು ಹೇಳಿದ ಮಾತಲ್ಲ, ಕಂಡು ಹೇಳಿದ ಮಾತು. 2023ರ ಜೂನಿನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಗಿ ಸ್ವಲ್ಪ ದಿನಕ್ಕೇ, ಒಂದು ಗೂಡ್ಸಿನ ಕೊನೆಯ ವ್ಯಾಗನ್ ಹೋದದ್ದೇ ತಡ, ಗೇಟಣ್ಣ ಕಂಬದಡಿ ನುಸುಳಿದರು. ಗೇಟ್‌ಮ್ಯಾನ್ ಓಡಿಬಂದು ಅಂಗಿಯ ಕಾಲರ್ ಹಿಡಿದೆಳೆದ. ಬಿಳಿ ಬಣ್ಣದ್ದೊಂದು ಮುಖದ ಮುಂದೆ ಹಾದುಹೋಯಿತು. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರು; ಬಗ್ಗಿದ ಸೊಂಟ ನೆಟ್ಟಗಾಗುವಷ್ಟರಲ್ಲಿ ರೈಲು ಒಂದು ಬೀದಿ ದಾಟಿರುತ್ತದೆ. ನಡುಕ ನಿಂತ ಮೇಲೆ ಗೇಟಣ್ಣ ಆಡಿದ ಮೊದಲ ಮಾತು: "ಸದ್ದೇ ಮಾಡದೆ ಬಂದ್ರೆ ಜನ ಏನ್ರೀ ಮಾಡ್ಬೇಕು?" ಎರಡನೆಯದು: "ಇದಕ್ಕೆಲ್ಲ ಅಂಡರ್‌ಪಾಸೇ ಆಗಬೇಕು."

ಅರ್ಜಿ ಅವರು ಮೊದಲಿನಿಂದಲೂ ಬರೆಯುತ್ತಿದ್ದರು. ಈಗ ಹಠ ಹಿಡಿದರು. ಆಗ ಅವರ ಬಾಯಿಗೆ ಸಿಕ್ಕಿದ್ದು ಟಿವಿಯು. ಗೇಟಿನ ಮೇಲೆ ದಿನಕ್ಕೆ ಓಡಾಡುವ ರೈಲುಗಳನ್ನು ರಸ್ತೆಯ ವಾಹನಗಳ ಯೂನಿಟ್ಟಿನಿಂದ ಗುಣಿಸಿದರೆ ಬರುವ ಸಂಖ್ಯೆ ಅದು. 50 ರೈಲು, 2,000 ವಾಹನ ಆದರೆ 1 ಲಕ್ಷ. ಲಕ್ಷ ದಾಟಿದ ಗೇಟಿಗೆ ಮೇಲ್ಸೇತುವೆಯೋ ಕೆಳಸೇತುವೆಯೋ ಕಟ್ಟಲು ರೈಲ್ವೆ ಅರ್ಧ, ರಾಜ್ಯ ಅರ್ಧ ಎಂಬುದು ಬಹುಕಾಲದ ಪದ್ಧತಿ. ವಾಹನ ಗಣತಿಗೆ ಹುಡುಗರು ಬಂದು ಕುರ್ಚಿ ಹಾಕಿಕೊಂಡು ಕೂತ ದಿನ ಗೇಟಣ್ಣ ಊರಿನ ಟ್ರ್ಯಾಕ್ಟರುಗಳನ್ನೆಲ್ಲ ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿದರು. ಎತ್ತಿನ ಗಾಡಿ ಒಂದು ಯೂನಿಟ್ಟು, ಆಟೋ ಅರ್ಧವೇ ಎಂದು ತಿಳಿದಾಗ ಆಟೋದವರನ್ನು ಬಿಟ್ಟು ಎತ್ತಿನ ಗಾಡಿ ಹುಡುಕಿಕೊಂಡು ಹಳ್ಳಿಗೆ ಹೋದರು. ಸಂಜೆ ಗಣತಿಯ ಹುಡುಗನನ್ನು ಕೇಳಿದರು, "ನಡ್ಕೊಂಡು ಹೋಗೋರಿಗೆ ಎಷ್ಟಪ್ಪಾ?"

"ನಡೆಯೋರು ಲೆಕ್ಕಕ್ಕಿಲ್ಲ ಸಾರ್."

ಗೇಟಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ಪ್ರಾಣ ಪಣಕ್ಕಿಟ್ಟು ಬಗ್ಗಿದ ಮನುಷ್ಯನಿಗೆ ಸರ್ಕಾರದ ಲೆಕ್ಕದಲ್ಲಿ ಸೊನ್ನೆ!

ಅಂತೂ ಮಂಜೂರಾಯಿತು. ಮಂಜೂರಿಗೂ ಕೆಲಸಕ್ಕೂ ನಡುವೆ ಕಳೆದ ಕಾಲದ ಬಗ್ಗೆ ಹೇಳಿ ನಿಮ್ಮ ಬೇಸರ ಹೆಚ್ಚಿಸುವುದಿಲ್ಲ. ಕೆಲಸ ಶುರುವಾದ ಮೇಲೆ ಗೇಟಣ್ಣ ಫ್ಲಾಸ್ಕಿನೊಂದಿಗೆ ಹಾಜರು. ಹಳಿ ಬಿಚ್ಚಿ, ರಾತ್ರೋರಾತ್ರಿ ಅಗೆದು, ಕಾಂಕ್ರೀಟ್ ಡಬ್ಬಗಳನ್ನು ಕ್ರೇನಿನಲ್ಲಿ ಇಳಿಸಿ, ಬೆಳಗಾಗುವಷ್ಟರಲ್ಲಿ ಹಳಿ ಕೂಡಿಸುವ ರೀತಿ ಒಂದುಂಟು. ಇಲ್ಲಿ ಮಾಡಿದ್ದು ಇನ್ನೊಂದು. ಹಳಿಯ ಪಕ್ಕದಲ್ಲೇ ದೊಡ್ಡ ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ದು, ಹಿಂದಿನಿಂದ ಹೈಡ್ರಾಲಿಕ್ ಜ್ಯಾಕುಗಳಲ್ಲಿ ಒತ್ತುತ್ತ, ಮುಂದಿನಿಂದ ಮಣ್ಣು ಬಗೆಯುತ್ತ, ಇಂಚಿಂಚಾಗಿ ಹಳಿಯ ಕೆಳಗೆ ನೂಕುವುದು. ಮೇಲೆ ರೈಲುಗಳು ಬಾಣಂತಿ ನಡಿಗೆಯಲ್ಲಿ ಹೋಗುತ್ತಲೇ ಇರುತ್ತವೆ. "ಎಡಕ್ಕೆ ಅರ್ಧ ಇಂಚು ವಾಲಿದೆ" ಎಂದು ಗೇಟಣ್ಣ ಕಣ್ಣಳತೆಯಲ್ಲೇ ತೀರ್ಪು ಕೊಟ್ಟರು. ಲೆವೆಲ್ ಮಿಷನ್ನಿನಲ್ಲಿ ಕಣ್ಣಿಟ್ಟಿದ್ದ ಎಂಜಿನಿಯರ್ ಹುಡುಗಿ ತಲೆ ಎತ್ತದೆಯೇ, "ಬಲಕ್ಕೆ ಅಂಕಲ್. ಅದೂ ಆಗಲೇ ಸರಿಮಾಡಿದ್ವಿ" ಎಂದಳು.

ಉದ್ಘಾಟನೆಯ ದಿನ ವೇದಿಕೆಯಲ್ಲಿ ಅವರಿಗೂ ಒಂದು ಶಾಲು ಸಿಕ್ಕಿತು. ಗೇಟು ಕಿತ್ತರು. ಇದ್ದ ಜಾಗಕ್ಕೆ ಹಳಿಯ ತುಂಡುಗಳನ್ನು ನೆಟ್ಟು ಅಡ್ಡಗಟ್ಟಿದರು. ಜನ ಗಾಡಿ ಇಳಿಸಿದರು, ಹತ್ತಿಸಿದರು, ಹೋದರು. ಯಾರೂ ನಿಲ್ಲಲಿಲ್ಲ. ನಿಂತ ಜನರನ್ನೇ ನಂಬಿದ್ದ ಸೌತೆಕಾಯಿ ಗಾಡಿ, ಶೇಂಗಾದವನು, ಟೀ ಅಂಗಡಿ ತಿಂಗಳೊಪ್ಪತ್ತಿನಲ್ಲಿ ಬೇರೆ ಕಡೆಗೆ ಹೋದವು. ಬ್ಯಾಂಕಿಗೆ ಎರಡೇ ನಿಮಿಷದಲ್ಲಿ ತಲುಪಿದ ಗೇಟಣ್ಣ, ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ಪಾಸ್‌ಬುಕ್ಕನ್ನು ಎರಡು ಸಲ ಎಂಟ್ರಿ ಮಾಡಿಸಿದರು.

ಪುಣ್ಯಕ್ಕೆ ಮಳೆ ಬಂತು. ಊರಿನ ತಗ್ಗೆಲ್ಲ ಸೇರಿ ಒಂದೇ ತಗ್ಗಾದ ಹಾಗೆ ಅಂಡರ್‌ಪಾಸಿನಲ್ಲಿ ಸೊಂಟಮಟ್ಟ ನೀರು. ಪಂಪಿತ್ತು; ಪಂಪಿಗೆ ಕರೆಂಟಿರಲಿಲ್ಲ. ಮೇಲೆ ಶೀಟು ಹಾಕಬೇಕಿತ್ತು, ಚರಂಡಿಯನ್ನು ಇನ್ನೂ ಕೆಳಗಿನ ಹಳ್ಳಕ್ಕೆ ಬಿಡಬೇಕಿತ್ತು ಎಂದು ಗೇಟಣ್ಣ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ವಾರ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಹೈಟ್ ಗೇಜಿನ ಕಂಬಿಗೆ ಸಿಕ್ಕಿಕೊಂಡು ಹಿಂದೆ ಮುಂದೆ ಸಾಲು ನಿಂತಿತು. ಅವರು ಓಡಿದ್ದನ್ನು ನೋಡಬೇಕಿತ್ತು! "ಏ, ಮೇಲಿನ ಎರಡು ಹೊರೆ ಇಳಿಸ್ರೋ! ಬುಲೆಟ್ಟು, ಹಿಂದಕ್ಕೆ!" ಎಷ್ಟೋ ದಿನದ ಮೇಲೆ ಆ ಗಂಟಲು ಕೇಳಿದೆವು. ಆದರೆ ಒಣ ದಿನಗಳೇ ಹೆಚ್ಚು. ಒಣ ದಿನಗಳಲ್ಲಿ "ಅಷ್ಟು ಇಳಿದು ಅಷ್ಟು ಹತ್ತೋದು ಸೊಂಟಕ್ಕಾಗಲ್ಲ" ಎಂದು, ನೆಟ್ಟ ಹಳಿ ತುಂಡುಗಳ ಸಂದಿಯಲ್ಲಿ ಮೈ ಓರೆ ಮಾಡಿ ನುಗ್ಗಿ ಹಳಿ ದಾಟತೊಡಗಿದರು. ತಮ್ಮದೇ ಅರ್ಜಿಯಿಂದ ಕಟ್ಟಿಸಿದ ದಾರಿಯ ತಲೆಯ ಮೇಲೇ! ಈಗ ಬಾವುಟದವನಿಲ್ಲ, ಕಾಲರ್ ಹಿಡಿಯುವ ಕೈಯೂ ಇಲ್ಲ. ಕೊನೆಗೆ ರೈಲ್ವೆ ಪೊಲೀಸರು ಹಿಡಿದು 147ನೇ ಕಲಮಿನಡಿ ದಂಡ ಹಾಕಿಸಿದ ಮೇಲೆಯೇ ಆ ಸಂದಿಯನ್ನು ಬಿಟ್ಟದ್ದು.

ಈಚೆಗೆ ಅವರ ಸ್ಕೂಟರು ಬೆಳಗ್ಗೆ ಬೆಳಗ್ಗೆ ಪಕ್ಕದ ಊರಿನ ಕಡೆ ಹೋಗುತ್ತಿದೆ. ಅಲ್ಲಿ ಗೇಟು ಇನ್ನೂ ಇದೆ, ಟೀ ಅಂಗಡಿಯೂ ಇದೆ. ಮೊನ್ನೆ ನಾನು ಆ ದಾರಿಯಲ್ಲಿ ಬರುವಾಗ ಗೇಟು ಬಿದ್ದಿತ್ತು. ಒಂದು ರೈಲು ಹೋಯಿತು. ಗೇಟಣ್ಣ ಕಂಬದ ಮೇಲೆ ಕೈಯಿಟ್ಟರು.

"ಯಜಮಾನ್ರೇ, ಬಗ್ಬೇಡಿ, ಇನ್ನೊಂದು ಗಾಡಿ ಇದೆ!" ಎಂದು ಅಲ್ಲಿನ ಗೇಟ್ ಕಾಯುವ ಹೆಣ್ಣುಮಗಳು ಕೂಗಿದಳು.

"ಗೊತ್ತಮ್ಮಾ, ಗೂಡ್ಸು," ಎಂದರು ಅವರು, ಕೈ ತೆಗೆಯದೆ. "ಅದಿರಲಿ, ನಿಮ್ಮ ಗೇಟಿಗೆ ಟಿವಿಯು ಎಷ್ಟು ಬರ್ತದೆ?"